ಬೆಳ್ಳಿಯ ಒಳಗಿನ ಸಣ್ಣ ನಡುಕ

ಗ್ಲೌಸ್ ತೆಗೆದಿದ್ದೆ. ಭುಜದವರೆಗೆ ಬರುವ ತೆಳು ಪ್ಲಾಸ್ಟಿಕ್ ಗ್ಲೌಸ್, ಹಸು ಗಬ್ಬವೋ ಇಲ್ಲವೋ ನೋಡಲು ನಾವು ಪಶುವೈದ್ಯರು ಹಾಕಿಕೊಳ್ಳುವುದು. ಅದನ್ನು ಸುತ್ತಿ ಪಕ್ಕಕ್ಕಿಟ್ಟು, ಗಂಗಮ್ಮನವರ ಕೊಟ್ಟಿಗೆಯ ಬಕೆಟ್ಟಿನಲ್ಲಿ ಎಡಗೈ ಅದ್ದಿದೆ. ನೀರು ತಣ್ಣಗಿರಲಿಲ್ಲ. ಬಿಸಿಯೂ ಇರಲಿಲ್ಲ. ನೀರೇ ಇಲ್ಲವೇನೋ ಅನ್ನುವ ಹಾಗಿತ್ತು.

ಗ್ಲೌಸ್ ಇನ್ನೂ ಕೈಯಲ್ಲೇ ಇದ್ದಂತಿತ್ತು. ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ.

ಅದು ಹೋದ ವರ್ಷದ ಜೂನ್. ಕುಪ್ಪಗಡ್ಡೆಯಲ್ಲಿ ಬೆಳಿಗ್ಗೆಯಿಂದ ಆರನೇ ಹಸು. ಹಿಂದಿನ ವಾರ ಹೊಟ್ಟೆ ಕೆಟ್ಟು ಎರಡು ದಿನ ಮಲಗಿದ್ದೆ. ಆ ಸುಸ್ತೇ ಇರಬೇಕು ಅಂದುಕೊಂಡೆ. ಗಂಗಮ್ಮ ಟವೆಲ್ ಹಿಡಿದು ನಿಂತಿದ್ದರು.

"ಏನಂತಾಳೆ ಡಾಕ್ಟ್ರಮ್ಮ ನಮ್ಮ ಬೆಳ್ಳಿ?"

"ಗಬ್ಬ ಇಲ್ಲ ಗಂಗಮ್ಮ. ಖಾಲಿ."

"ಹೌದಾ? ನಾಲ್ಕು ತಿಂಗಳಾಯ್ತು ಬೆದೆಗೇ ಬಂದಿಲ್ಲ. ಗಬ್ಬ ನಿಂತಿದೆ ಅಂತ್ಲೇ ಅಂದ್ಕಂಡಿದ್ದೆ ನಾನು."

"ಬೆದೆಗೆ ಬರೋಕೆ ಒಂದು ಇಂಜೆಕ್ಷನ್ ಇದೆ. ಇವತ್ತು ಬ್ಯಾಗಲ್ಲಿಲ್ಲ. ಬರೋ ಸೋಮವಾರ ಬಂದು ಕೊಡ್ತೀನಿ."

ಸೋಮವಾರ ನಾನು ಶಿವಮೊಗ್ಗದ ಆಸ್ಪತ್ರೆಯ ಐಸಿಯುನಲ್ಲಿದ್ದೆ.

ಅದಕ್ಕೂ ಹಿಂದಿನ ಮಂಗಳವಾರ ಕಾಲ್ಬೆರಳು ಜೋಮು ಹಿಡಿದಿತ್ತು. ಬುಧವಾರ ಎರಡೂ ಕೈ. ಗುರುವಾರ ಮನೆ ಮೆಟ್ಟಿಲು ಹತ್ತಲು ಹೋದವಳು ಅಲ್ಲೇ ಕೂತುಬಿಟ್ಟೆ. ನನ್ನ ಗಂಡ ನಾಗರಾಜ್‌ಗೆ ಸೊರಬದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅಂಗಡಿ ಬಾಗಿಲು ಹಾಕಿ ಓಡಿಬಂದವರು ನನ್ನನ್ನು ಎತ್ತಿ ಕಾರಿನಲ್ಲಿ ಮಲಗಿಸಿದರು. ಶಿಕಾರಿಪುರ ದಾಟುವಷ್ಟರಲ್ಲಿ ನೀರಿನ ಬಾಟಲಿ ಹಿಡಿಯುವುದೂ ನನ್ನಿಂದ ಆಗುತ್ತಿರಲಿಲ್ಲ.

ಬೆನ್ನಿಂದ ನೀರು ತೆಗೆದರು. ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿದರು. ಗಿಯಾನ್ ಬಾರೆ ಸಿಂಡ್ರೋಮ್ ಅಂದರು. ಜಿಬಿಎಸ್. ಹೊಟ್ಟೆಯ ಸೋಂಕಿನ ಮೇಲೆ ಯುದ್ಧಕ್ಕೆ ಹೊರಟ ಮೈಯ ರಕ್ಷಣಾ ವ್ಯವಸ್ಥೆ, ದಾರಿ ತಪ್ಪಿ ನನ್ನ ನರಗಳ ಹೊದಿಕೆಯನ್ನೇ ತಿಂದಿತ್ತು. ನ್ಯೂರಾಲಜಿಸ್ಟ್ ಇದನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಾಗ ನಾಗರಾಜ್ ನಡುವೆ ಬಾಯಿ ಹಾಕಿದರು.

"ಅಂದ್ರೆ ವೈರ್ ಮೇಲಿನ ಪ್ಲಾಸ್ಟಿಕ್ ಸುಲಿದುಹೋಗಿದೆ. ಒಳಗಿನ ತಾಮ್ರ ಸರಿ ಇದೆಯಾ ಸರ್?"

ಡಾಕ್ಟರು ಒಂದು ಕ್ಷಣ ಅವರನ್ನು ನೋಡಿದರು. "ಬಹುಪಾಲು ಸರಿ ಇದೆ. ನೀವೇ ಕ್ಲಾಸ್ ತಗೊಳ್ಳಿ, ನಾನು ರೌಂಡ್ಸ್ ಮುಗಿಸ್ತೀನಿ."

ಐದು ದಿನ ಐವಿಐಜಿ ಅನ್ನುವ ಔಷಧಿ ಹನಿಹನಿಯಾಗಿ ಒಳಗೆ ಹೋಯಿತು. ಉಸಿರಾಟಕ್ಕೆ ತೊಂದರೆಯಾಗಲಿಲ್ಲ. ಅದು ನನ್ನ ಅದೃಷ್ಟ. ಪಕ್ಕದ ಹಾಸಿಗೆಯವರಿಗೆ ಅಷ್ಟು ಅದೃಷ್ಟವಿರಲಿಲ್ಲ, ವೆಂಟಿಲೇಟರ್ ಬೇಕಾಯಿತು. ಮೂರನೇ ವಾರಕ್ಕೆ ನನ್ನ ಕಾಲು ಅಲುಗಿತು. ಆಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ. ವಾರ್ಡಿನ ಆಯಾ ಚಪ್ಪಾಳೆ ತಟ್ಟಿದರು. ಬೆರಳುಗಳೂ ಮಡಚಿದವು, ಬಿಚ್ಚಿದವು.

ಆದರೆ ಅವು ಏನನ್ನೂ ಹೇಳುತ್ತಿರಲಿಲ್ಲ.

ಡಿಸ್ಚಾರ್ಜ್‌ಗೆ ಮುಂಚೆ ನ್ಯೂರಾಲಜಿಸ್ಟ್ ಟ್ಯೂನಿಂಗ್ ಫೋರ್ಕ್ ತಂದರು, ಬಡಿದರೆ ಗುಂಯ್ ಅನ್ನುವ ಕವೆಯಂಥ ಕಬ್ಬಿಣ. ನನ್ನ ಕಣ್ಣು ಮುಚ್ಚಿಸಿ, ಅದರ ಬುಡವನ್ನು ಬೆರಳಿನ ಗೆಣ್ಣಿಗೆ ಒತ್ತಿದರು.

"ನಡುಕ ಗೊತ್ತಾಗ್ತಿದೆಯಾ?"

"ಇದೆ ಸರ್."

"ಈಗ?"

"ಇದೆ. ಚೆನ್ನಾಗಿ ಗೊತ್ತಾಗ್ತಿದೆ."

"ಡಾಕ್ಟರೇ," ಅಂದರು ಅವರು, "ಈಗ ನಾನು ಬಡಿದೇ ಇಲ್ಲ."

ಕಣ್ಣು ಬಿಟ್ಟೆ. ಫೋರ್ಕ್ ಸುಮ್ಮನೆ ನನ್ನ ಬೆರಳ ಮೇಲೆ ನಿಂತಿತ್ತು. ನಾಚಿಕೆಯಾಯಿತು. ಹಸು ಮೇವು ತಿನ್ನದಿದ್ದರೂ "ತಿಂತಾ ಇದೆ ಡಾಕ್ಟ್ರೇ" ಅನ್ನುವ ರೈತರನ್ನು ಎಷ್ಟು ಸಲ ಬೈದಿದ್ದೇನೆ ನಾನು! ನ್ಯೂರಾಲಜಿಸ್ಟ್ ಫೋರ್ಕ್ ಜೇಬಿಗಿಟ್ಟು ಹೇಳಿದರು. "ನಿಮಗೆ ಬೇಕು ಅನ್ನಿಸಿದ್ದನ್ನ ಹೇಳಿದ್ರಿ. ಕೈ ಹೇಳಿದ್ದನ್ನ ಹೇಳಲಿಲ್ಲ. ನರ ಅದರ ಪಾಡಿಗೆ ಬೆಳೆಯುತ್ತೆ. ಆದ್ರೆ ಅದು ಕಳಿಸೋ ಸುದ್ದಿ ಓದೋದನ್ನ ನಿಮ್ಮ ತಲೆ ಮತ್ತೆ ಕಲೀಬೇಕು. ಸುಳ್ಳು ಓದಿದ್ರೆ ಕಲಿಯಲ್ಲ."

ಆ ನಡುಕದ ಮೇಲೆ ನನ್ನ ಕೆಲಸವೆಲ್ಲ ನಿಂತಿದೆ. ಅದನ್ನು ಇಲ್ಲಿ ಹೇಳಬೇಕು. ಹಸುವಿನ ಹಿಂಭಾಗದಿಂದ ಕೈ ಹಾಕಿ, ಕರುಳಿನ ಗೋಡೆಯ ಮೂಲಕ ನಾವು ಗರ್ಭಕೋಶವನ್ನು ತಡವುತ್ತೇವೆ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ನಾಲ್ಕು ತಿಂಗಳಾದರೆ ಗರ್ಭಕೋಶ ಭಾರವಾಗಿ ಹೊಟ್ಟೆಯೊಳಗೆ ಇಳಿದುಬಿಡುತ್ತದೆ, ಕೈಗೆ ಸಿಗುವುದು ಕಷ್ಟ. ಆಗ ಅದಕ್ಕೆ ರಕ್ತ ಒಯ್ಯುವ ನಾಳವನ್ನು ಹುಡುಕುತ್ತೇವೆ. ಗಬ್ಬದ ಹಸುವಿನಲ್ಲಿ ಆ ನಾಳ ಸುಮ್ಮನೆ ಬಡಿಯುವುದಿಲ್ಲ, ನಡುಗುತ್ತದೆ. ಪೈಪಿನೊಳಗೆ ನೀರು ರಭಸವಾಗಿ ಹೋಗುವಾಗ ಇರುತ್ತದಲ್ಲ, ಹಾಗೆ. ಕಾಲೇಜಿನಲ್ಲಿ ಮೊದಲ ಸಲ ಅದು ಬೆರಳಿಗೆ ಸಿಕ್ಕಾಗ ಹಸುವಿನ ಹಿಂದೆಯೇ ನಿಂತು ನಕ್ಕುಬಿಟ್ಟಿದ್ದೆ.

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ, ಮೆಕ್ಕೆಜೋಳ ಮುರಿದು ನನ್ನನ್ನು ಓದಿಸಿದಳು. "ನಿನ್ನ ಕೈ ಕೆಸರಿಗೆ ಬರಬಾರದು" ಅನ್ನುವುದು ಅವಳ ಒಂದೇ ಹಟ. ಬಿ.ವಿ.ಎಸ್ಸಿ. ಮುಗಿಸಿ ನಾನು ಸಗಣಿಯೊಳಗೆ ಕೈ ಹಾಕಿದೆ. ಅದನ್ನು ಹೇಳಿಕೊಂಡು ಅವ್ವ ಇವತ್ತಿಗೂ ನಗುತ್ತಾಳೆ.

ಸುಧಾರಿಸಿಕೊಳ್ಳಲು ಅವ್ವನ ಮನೆಗೆ ಹೋದೆ. ತಾಳಗುಂದದ ಹತ್ತಿರ, ಬಸ್ಸಿಳಿದು ಹತ್ತು ನಿಮಿಷದ ದಾರಿ. ಮೊದಲ ವಾರವೇ ಒಂದು ಘಟನೆ. ಒಲೆ ಮುಂದೆ ಕೂತು ರೊಟ್ಟಿ ತಿರುವಿ ಹಾಕುತ್ತಿದ್ದೆ.

ಬೆರಳು ಸುಟ್ಟಿತ್ತು. ನನಗೆ ಗೊತ್ತಾಗಿದ್ದು ವಾಸನೆಯಿಂದ.

ಅವ್ವ ಓಡಿಬಂದು ಕೈಯನ್ನು ನೀರಿಗೆ ಹಾಕಿದಳು. ಅವತ್ತು ಅತ್ತಿದ್ದು ಅವಳು, ನಾನಲ್ಲ. ನನಗೆ ನೋವೇ ಇರಲಿಲ್ಲವಲ್ಲ.

ಆಸ್ಪತ್ರೆಯ ಥೆರಪಿಸ್ಟ್ ಹುಡುಗಿ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಕ್ಕಿ ತುಂಬಿದ ಡಬ್ಬಿಯೊಳಗೆ ಗುಂಡಿ, ಬೀಗದ ಕೈ, ಹುಣಸೆ ಬೀಜ ಹೂತು, ಕಣ್ಣು ಮುಚ್ಚಿ ಹುಡುಕಬೇಕು. ಸಿಕ್ಕರೂ ಹೆಸರು ಹೇಳುವ ಹಾಗಿಲ್ಲ. ತಣ್ಣಗಿದೆಯಾ, ಬೆಚ್ಚಗಿದೆಯಾ? ಒರಟೋ, ನಯವೋ? ಸುಮ್ಮನಿದೆಯೋ, ಅಲುಗುತ್ತಿದೆಯೋ? ಈ ಮೂರನ್ನು ಮೊದಲು ಹೇಳಬೇಕು. "ಹೆಸರು ಆಮೇಲೆ ಮೇಡಂ. ಹೆಸರು ಹೇಳಿದ ತಕ್ಷಣ ನೀವು ಮುಟ್ಟೋದನ್ನ ನಿಲ್ಲಿಸಿಬಿಡ್ತೀರಿ." ಎಂಥ ಮಾತು ಹೇಳಿದಳು ಆ ಹುಡುಗಿ! ಹದಿನೈದು ವರ್ಷ ಸರ್ವಿಸಿನಲ್ಲಿ ನಾನು ಮಾಡುತ್ತಿದ್ದದ್ದೂ ಅದೇ ಅಲ್ಲವೇ, ಮುಟ್ಟುವ ಮೊದಲೇ ಹೆಸರು ಹೇಳುವುದು.

ಆದರೆ ಅಕ್ಕಿ ಡಬ್ಬಿ ನಾಲ್ಕು ದಿನಕ್ಕೆ ಬೇಜಾರಾಯಿತು. ಎಲ್ಲವೂ ಹತ್ತಿ ಸುತ್ತಿಟ್ಟ ಹಾಗೆ. ಗುಂಡಿಯೂ ಅಷ್ಟೇ, ಬೀಜವೂ ಅಷ್ಟೇ. ಒಂದು ಸಂಜೆ ಡಬ್ಬಿಯನ್ನು ಜಗಲಿಯ ಮೇಲೆ ಕುಕ್ಕಿದೆ. ಅಕ್ಕಿ ಚೆಲ್ಲಿತು.

ಅವ್ವ ಚೆಲ್ಲಿದ ಅಕ್ಕಿ ಬಳಿದು ಡಬ್ಬಿಗೆ ತುಂಬಿದಳು. ಮಾರನೇ ದಿನ ನಾಟಿಯಿಂದ ಬರುವಾಗ ಭತ್ತದ ಸಸಿಯ ಒಂದು ಕಟ್ಟು ತಂದಳು. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಗದ್ದೆಯ ಕೆಸರು ಕಲಸಿ ನನ್ನ ಮುಂದಿಟ್ಟಳು.

"ಹಾಕು ಕೈ."

"ಅವ್ವಾ, ಕೆಸರಿಗೆ ಬರಬಾರದು ಅಂತ ಓದಿಸಿದೋಳು ನೀನೇ."

"ಓದಿದ್ದು ಮುಗೀತಲ್ಲ. ಈಗ ನನ್ನ ಇಸ್ಕೂಲು. ಹಾಕಂದ್ರ ಹಾಕು."

ನಾಟಿ ಮಾಡುವವರು ಎಡಗೈಯಲ್ಲಿ ಸಸಿ ಕಟ್ಟು ಹಿಡಿದಿರುತ್ತಾರೆ. ಎಡಗೈ ಹೆಬ್ಬೆರಳು ಕಟ್ಟಿನಿಂದ ಮೂರೇ ಮೂರು ಸಸಿ ಬಿಡಿಸಿ ಮುಂದಕ್ಕೆ ದೂಡುತ್ತದೆ, ಬಲಗೈ ಅದನ್ನು ತೆಗೆದುಕೊಂಡು ಕೆಸರಿಗೆ ಊರುತ್ತದೆ. ಯಾರೂ ಎಣಿಸುವುದಿಲ್ಲ. ಯಾರೂ ಕೈ ಕಡೆ ನೋಡುವುದೂ ಇಲ್ಲ. ಮಾತಾಡುತ್ತಾ, ಪಕ್ಕದವಳ ಸೊಸೆಯ ಸುದ್ದಿ ಕೇಳುತ್ತಾ ದಿನಕ್ಕೆ ಸಾವಿರಾರು ಸಲ ಮೂರು, ಮೂರು, ಮೂರು. ಚಿಕ್ಕಂದಿನಿಂದ ನೋಡಿದ್ದೆ. ಅದೊಂದು ವಿದ್ಯೆ ಅಂತ ಯಾವತ್ತೂ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ಡಿಗ್ರಿ ಮಾತ್ರ ವಿದ್ಯೆ ಅಂದುಕೊಂಡಿದ್ದೆ.

ನಾನು ಬಿಡಿಸಿದೆ. ಒಂಬತ್ತು ಸಸಿ ಬಂದವು.

"ಯಾರ ಮನೆ ಗದ್ದೆ ಉದ್ಧಾರ ಮಾಡ್ತೀಯ ಹಿಂಗೆ?" ಅಂದಳು ಅವ್ವ. ನಾನು ಬಗ್ಗಿ ಕಟ್ಟನ್ನು ನೋಡತೊಡಗಿದೆ. ಅವಳು ತನ್ನ ಸೆರಗನ್ನು ನನ್ನ ಮುಖಕ್ಕೆ ಹಾಕಿದಳು. "ನೋಡಬ್ಯಾಡ ರೇಣಿ. ಕಣ್ಣು ನೋಡಿದ್ರ ಕೈ ಸೋಮಾರಿ ಆಗ್ತದ."

ಶ್ರಾವಣ ಪೂರ್ತಿ ಆ ಸ್ಕೂಲು ನಡೆಯಿತು. ಬೆರಳಿನ ಸುಟ್ಟ ಗಾಯ ಒಣಗಿದೆ ಅಂದಮೇಲೆ ಥೆರಪಿಸ್ಟ್ ಕೂಡ ಕೆಸರಿಗೆ ಒಪ್ಪಿಗೆ ಕೊಟ್ಟಳು. ಅವ್ವನನ್ನು ವಿಡಿಯೋದಲ್ಲಿ ತೋರಿಸಿ ಅಂದಳು. ಅವ್ವ ತಲೆ ಬಾಚಿಕೊಂಡು ಬಂದು ಕೂತಳು. ದಿನಾ ಮೂವತ್ತು ಸಲ ಬಿಡಿಸುವುದು, ಕಣ್ಣು ಮುಚ್ಚಿ ಎಷ್ಟಿವೆ ಹೇಳುವುದು, ಬಿಟ್ಟು ನೋಡುವುದು. ಗೊತ್ತಾಗದಿದ್ದರೆ "ಗೊತ್ತಾಗಲಿಲ್ಲ" ಅನ್ನಬೇಕು. ಊಹೆ ಮಾಡಿ ಹೇಳಿದರೆ ಅವ್ವನಿಗೆ ಧ್ವನಿಯಲ್ಲೇ ತಿಳಿಯುತ್ತಿತ್ತು. "ಹೊಡಿ ಬುರುಡಿ" ಅನ್ನುತ್ತಿದ್ದಳು. ನ್ಯೂರಾಲಜಿಸ್ಟ್ ಅಷ್ಟು ಕಷ್ಟಪಟ್ಟು ಹೇಳಿದ್ದೂ ಇದನ್ನೇ.

ಒಂದು ಮಧ್ಯಾಹ್ನ ಹೆಬ್ಬೆರಳ ಕೆಳಗೆ ಸಸಿಯ ಬುಡ ಉರುಳಿತು. ಒಂದು ದಾರದಷ್ಟು ದಪ್ಪ. ಪಕ್ಕದಲ್ಲಿ ಇನ್ನೊಂದು. ಎರಡರ ನಡುವೆ ಒಂದು ಸಣ್ಣ ಸಂದು. ಸಂದು! ಎರಡು ತಿಂಗಳಿಂದ ಜಗತ್ತಿನಲ್ಲಿ ಸಂದೇ ಇರಲಿಲ್ಲ. ಎಲ್ಲವೂ ಒಂದೇ ಮುದ್ದೆಯಾಗಿತ್ತು. "ಎರಡು" ಅಂದೆ. ಸೆರಗು ಸರಿಸಿ ನೋಡಿದರೆ ಎರಡೇ.

"ಮೂರು ಬೇಕು" ಅಂದಳು ಅವ್ವ. ಆದರೆ ಒಳಗೆ ಹೋಗಿ ಅವತ್ತು ಶಾವಿಗೆ ಪಾಯಸ ಮಾಡಿದಳು.

ಮುಟ್ಟುವುದು ಬಂತು. ನಡುಕ ಬರಲಿಲ್ಲ. ಮೊಬೈಲ್ ಅಂಗೈಯಲ್ಲಿಟ್ಟು ವೈಬ್ರೇಟ್ ಮಾಡಿದರೂ ಅದು ಹೆಂಚಿನ ಚೂರಿನ ಹಾಗೆ ಕೂತಿರುತ್ತಿತ್ತು. ನಾಗರಾಜ್ ಭಾನುವಾರ ಬಂದವರು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಹಾಳಾದ ಮೊಬೈಲುಗಳಿಂದ ಬಿಚ್ಚಿದ ಕಡಲೆಬೇಳೆಯಷ್ಟೇ ಗಾತ್ರದ ವೈಬ್ರೇಟರ್ ಮೋಟಾರುಗಳು. ಒಂದಕ್ಕೆ ವೈರು ಬೆಸೆದು, ಹೆಚ್ಚು ಕಡಿಮೆ ಮಾಡುವ ಗುಂಡಿ ಇಟ್ಟು, ವೆಲ್ಕ್ರೋ ಪಟ್ಟಿಯಲ್ಲಿ ನನ್ನ ಬೆರಳಿಗೆ ಸುತ್ತಿದರು.

"ಮದುವೇಲಿ ಉಂಗುರ ಸಡಿಲ ಆಯ್ತು ಅಂತ ಬೈದಿದ್ದೆಯಲ್ಲ. ಇದು ಬಿಗಿ ಇದೆ ನೋಡು."

"ರೀ, ಹೊಡೆಯಲ್ಲ ತಾನೆ ಶಾಕು?"

"ಹೊಡೆದ್ರೆ ಒಳ್ಳೇದೇ. ನಿನಗೆ ಗೊತ್ತಾಯ್ತು ಅಂತ ಆಯ್ತಲ್ಲ."

ಗುಂಡಿಯನ್ನು ತುದಿಗೆ ತಿರುಗಿಸಿದಾಗ ಮಾತ್ರ ಮೂಳೆಯೊಳಗೆ ಎಲ್ಲೋ ದೂರದಲ್ಲಿ ಗಿರಣಿ ನಡೆಯುತ್ತಿದೆಯೇನೋ ಅನ್ನಿಸಿತು. ದಿನಕ್ಕೆ ಒಂದೊಂದು ಗೀಟು ಕೆಳಗಿಳಿಸುವುದು ನನ್ನ ಅಭ್ಯಾಸವಾಯಿತು. ನಾಗರಾಜ್ ಕೆಲವೊಮ್ಮೆ ಹೇಳದೆ ಸ್ವಿಚ್ ಆಫ್ ಮಾಡುತ್ತಿದ್ದರು. "ಈಗ ಇಲ್ಲ" ಅಂದರೆ ಮಾತ್ರ ಆವತ್ತಿನ ಪಾಠ ಮುಗಿಯುತ್ತಿತ್ತು.

ಆಮೇಲೆ ನಾನು ನಡುಗುವುದನ್ನೆಲ್ಲ ಮುಟ್ಟುತ್ತಾ ಹೋದೆ. ಮಿಕ್ಸಿ, ಹೊಲಿಗೆ ಮಿಷನ್, ಗುರುಗುಟ್ಟುತ್ತಾ ನಿದ್ದೆ ಮಾಡುವ ಬೆಕ್ಕು, ಶಿಕಾರಿಪುರ–ಸೊರಬ ಬಸ್ಸಿನ ಕಿಟಕಿಯ ಸರಳು. ಮಳೆ ಹಿಂದೆ ಸರಿದ ಮೇಲೆ ಪಕ್ಕದ ಹೊಲದ ಪಂಪ್‌ಸೆಟ್ಟು ಶುರುವಾಯಿತು. ಕರೆಂಟ್ ಬಂದಾಗ ಪೈಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಮೊದಲು ಮೋಟಾರಿನ ಒರಟು ಅಲುಗಾಟ. ಸ್ವಲ್ಪ ಹೊತ್ತಿಗೆ ಅದರ ಒಳಗಿಂದ ಇನ್ನೊಂದು, ತೆಳ್ಳಗಿನದು, ಮೇಲೆ ಏರುತ್ತಾ ಬರುವುದು. "ನೀರು ಬಂತು" ಅಂತ ನಾನು ಅಂದ ಮೇಲೆ ಪೈಪಿನ ಬಾಯಲ್ಲಿ ನೀರು ಚಿಮ್ಮುತ್ತಿತ್ತು. ಮೊದಲ ಸಲ ಹಾಗಾದಾಗ ಮೆಕ್ಕೆಜೋಳದ ಹೊಲದಲ್ಲಿ ಒಬ್ಬಳೇ ಕುಣಿದೆ. ವಾಕರ್ ಬಿಟ್ಟು ತಿಂಗಳಷ್ಟೇ ಆಗಿತ್ತು. ಬಿದ್ದೂ ಬಿದ್ದೆ. ಎದ್ದೆ.

ನವೆಂಬರಿನಲ್ಲಿ ಡ್ಯೂಟಿಗೆ ಹಾಜರಾದೆ. ನಮ್ಮ ಮೇಲಧಿಕಾರಿ ಒಳ್ಳೆಯ ಮನುಷ್ಯರು. ಕೂರಿಸಿ ಕಾಫಿ ಕೊಟ್ಟರು. "ತಾಲೂಕು ಆಫೀಸಲ್ಲಿ ಫೈಲ್ ಕೆಲಸ ಇದೆ. ನಿಮಗೆ ಆರಾಮ. ಜೂನ್ ವರ್ಗಾವಣೆ ಹೊತ್ತಿಗೆ ಹೇಳಿ. ಕೈ ಬರಲಿಲ್ಲ ಅಂದ್ರೆ ಮುಜುಗರ ಪಡಬೇಡಿ."

ಅವತ್ತೇ ನಮ್ಮ ಪಶು ಆಸ್ಪತ್ರೆ ಬಾಗಿಲಲ್ಲಿ ಗಂಗಮ್ಮ ಸಿಕ್ಕರು. ಕೈಯಲ್ಲಿ ಗಿಣ್ಣದ ಡಬ್ಬಿ.

"ತಗಳಿ ಡಾಕ್ಟ್ರಮ್ಮ. ಬೆಳ್ಳಿ ಕರು ಹಾಕ್ತು."

ನನಗೆ ಅರ್ಥವಾಗಲಿಲ್ಲ. ಆಮೇಲೆ ಲೆಕ್ಕ ಹಾಕಿದೆ.

ನಾನು ಖಾಲಿ ಅಂದ ದಿನ ಬೆಳ್ಳಿ ನಾಲ್ಕು ತಿಂಗಳ ಗಬ್ಬ.

ಬೆದೆಗೆ ತರುವ ಆ ಇಂಜೆಕ್ಷನ್ ಗಬ್ಬವನ್ನು ಇಳಿಸಿಬಿಡುತ್ತದೆ, ಆ ಸೋಮವಾರ ಕೊಟ್ಟಿದ್ದರೆ ಕರು ಹೊಟ್ಟೆಯಲ್ಲೇ ಹೋಗುತ್ತಿತ್ತು. ನನ್ನ ಕೈಯಿಂದಲೇ. ಯಾವ ಕಾಯಿಲೆ ನನ್ನ ಬೆರಳಿನಿಂದ ಆ ತಪ್ಪು ಮಾಡಿಸಿತ್ತೋ, ಅದೇ ಕಾಯಿಲೆ ನನ್ನನ್ನು ಮಲಗಿಸಿ ಕರುವನ್ನೂ ಉಳಿಸಿತ್ತು. ಗಂಗಮ್ಮನಿಗೆ ಎಲ್ಲವನ್ನೂ ಹೇಳಿದೆ, ಇಂಜೆಕ್ಷನ್ ಏನು ಮಾಡುತ್ತಿತ್ತು ಅನ್ನುವುದನ್ನೂ. ಅವರು ಗಿಣ್ಣದ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಹಂಗಾದ್ರೆ ಇಬ್ಬರೂ ಬದುಕಿಕಂಡ್ರಿ ಅನ್ನಿ," ಅಂದರು ಆಮೇಲೆ. "ಕರೂಗೆ ಡಾಕ್ಟ್ರು ಅಂತ್ಲೇ ಹೆಸರಿಟ್ಟಿದ್ದೀವಿ. ನಿಮ್ಮ ಮಾತು ಕೇಳದೆ ಹುಟ್ಟಿದ್ದಕ್ಕೆ."

ನಕ್ಕೆವು. ಆದರೆ ಅವತ್ತು ಒಂದು ತೀರ್ಮಾನ ಮಾಡಿದೆ. ಕೈ ಹೇಳುವವರೆಗೆ ಯಾವ ಹಸುವಿಗೂ ಖಾಲಿ ಅನ್ನುವುದಿಲ್ಲ. ಗಬ್ಬ ನೋಡುವುದನ್ನೆಲ್ಲ ಪಕ್ಕದ ಕೇಂದ್ರದ ಡಾಕ್ಟರಿಗೆ ಬಿಟ್ಟೆ. ಲಸಿಕೆ ಹಾಕಿದೆ, ಗಾಯ ಹೊಲಿದೆ, ನಾಯಿ ಕುರಿ ನೋಡಿದೆ. ಬೆಳಿಗ್ಗೆ ಅರ್ಧ ಗಂಟೆ ಮೋಟಾರು ಉಂಗುರ, ಸಂಜೆ ಕಣ್ಣು ಮುಚ್ಚಿ ಅಕ್ಕಿ ಡಬ್ಬಿ. ಡಬ್ಬಿ ಈಗ ಬೇಜಾರಾಗುತ್ತಿರಲಿಲ್ಲ. ಅಕ್ಕಿ ಕಾಳಿಗೂ ಒಂದು ಚೂಪು ತುದಿ, ಒಂದು ಮೊಂಡು ತುದಿ ಇದೆ ಅಂತ ನಲವತ್ತರ ವಯಸ್ಸಿನಲ್ಲಿ ಗೊತ್ತಾದರೆ ಬೇಜಾರು ಎಲ್ಲಿಂದ ಬರಬೇಕು? ಕಾಯಿಲೆಗೆ ಮುಂಚೆ ನನ್ನ ಬೆರಳು ಇಷ್ಟು ಗಮನ ಕೊಟ್ಟು ಏನನ್ನೂ ಮುಟ್ಟಿರಲಿಲ್ಲ. ಎಲ್ಲವನ್ನೂ ಹಿಡಿಯುತ್ತಿತ್ತು, ಅಷ್ಟೆ.

ಈ ಜೂನ್ ಬಂತು. ಅಧಿಕಾರಿಗೆ ಉತ್ತರ ಹೇಳಲು ನಾಲ್ಕು ದಿನ ಇತ್ತು. ಗಂಗಮ್ಮನ ಫೋನ್.

"ಬೆಳ್ಳಿಗೂ ಅವಳ ತಂಗಿ ಗೌರಿಗೂ ಫೆಬ್ರವರಿಲಿ ಗಬ್ಬ ಕಟ್ಟೋಕೆ ಇಂಜೆಕ್ಷನ್ ಮಾಡಿಸಿದ್ವಿ. ನಿನ್ನೆ ಪಕ್ಕದ ಕೇಂದ್ರದ ಡಾಕ್ಟ್ರು ಬಂದು ಸ್ಕ್ಯಾನ್ ಮಾಡಿ ಹೋದ್ರು. ಉತ್ತರ ನನ್ನ ಹತ್ರ ಇದೆ. ನೀವು ಬಂದು ಪರೀಕ್ಷೆ ಬರೀರಿ."

ಹೋದೆ. ಅದೇ ಕೊಟ್ಟಿಗೆ, ಅದೇ ಬಕೆಟ್ಟು. ಗ್ಲೌಸ್ ಹಾಕುವಾಗ ಗಂಗಮ್ಮ ಸಹಜವಾಗಿ ಅಂದರು, "ಎರಡೂ ನಿಂತಿರಬೇಕು ಅಂತ ನನ್ನ ಅಂದಾಜಪ್ಪ."

ಬಡಿಯದ ಫೋರ್ಕ್ ನೆನಪಾಯಿತು.

ಮೊದಲು ಗೌರಿ. ಕಣ್ಣು ಮುಚ್ಚಿದೆ. ಬೆಚ್ಚಗಿದೆ. ನಯ. ಸುಮ್ಮನಿದೆ. ಹೆಸರು ಆಮೇಲೆ. ಗರ್ಭಕೋಶ ಪೂರ್ತಿಯಾಗಿ ಅಂಗೈಯೊಳಗೆ ಸಿಕ್ಕಿತು, ಮಡಚಿದ ಬೆರಳುಗಳಷ್ಟು ಪುಟ್ಟದು. ಎಡಕ್ಕೆ ತಡವಿದೆ, ಬಲಕ್ಕೆ ತಡವಿದೆ. ನಾಳದಲ್ಲಿ ಬರೀ ನಾಡಿ. ಇನ್ನೊಮ್ಮೆ ನೋಡಿದೆ. ಒಳ್ಳೆಯ ಸುದ್ದಿ ಕೊಡಬೇಕು ಅಂತ ಮನಸ್ಸು ಎಳೆಯುತ್ತಿತ್ತು. ಕೈ ಒಪ್ಪಲಿಲ್ಲ.

"ಗೌರಿ ಖಾಲಿ" ಅಂದೆ. ಒಂದು ವರ್ಷದ ಮೇಲೆ ಆ ಮಾತು ನನ್ನ ಬಾಯಿಂದ ಬಂತು. ಗಂಗಮ್ಮನ ಮುಖ ಗೋಡೆ. ಏನೂ ಗೊತ್ತಾಗಲಿಲ್ಲ.

ಬೆಳ್ಳಿ. ಗರ್ಭಕೋಶ ಕೈಗೆ ಸಿಗಲಿಲ್ಲ. ಹೋದ ವರ್ಷವೂ ಸಿಕ್ಕಿರಲಿಲ್ಲ. ಇಲ್ಲೇ ನಾನು ಅವಸರ ಮಾಡಿದ್ದು. ಈ ಸಲ ನಿಂತೆ. ಉಸಿರು ಬಿಟ್ಟೆ. ಸೊಂಟದ ಮೂಳೆಯ ಪಕ್ಕ ಬೆರಳು ಸರಿಸಿದೆ. ಪೆನ್ಸಿಲ್ಲಿನಷ್ಟು ದಪ್ಪದ ಏನೋ ಒಂದು, ಅತ್ತಿತ್ತ ಸರಿದಾಡುವುದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಂತು. ಬೆಚ್ಚಗೆ. ನಯ. ಸುಮ್ಮನೆ...

ಸುಮ್ಮನಿರಲಿಲ್ಲ.

ತೆಳ್ಳಗೆ, ಒಂದೇ ಸಮ, ನೀರೇರುವ ಪೈಪಿನ ಹಾಗೆ ಅದು ನಡುಗುತ್ತಿತ್ತು. ನಾನು ಬೆರಳು ಬಿಟ್ಟೆ. ಇಲ್ಲ. ಮತ್ತೆ ಹಿಡಿದೆ. ಇದೆ. ಬಿಟ್ಟೆ, ಇಲ್ಲ. ಹಿಡಿದೆ, ಇದೆ. ನನ್ನ ಆಸೆಯಾಗಿದ್ದರೆ ಬಿಟ್ಟಾಗಲೂ ಇರುತ್ತಿತ್ತು. ಕೆಲಸ ಮುಗಿದಿದ್ದರೂ ಕೈ ತೆಗೆಯುವ ಮನಸ್ಸಾಗಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಡಾಕ್ಟ್ರಮ್ಮ, ಸಾಕು, ಹೊರಗೆ ಬನ್ನಿ" ಅಂದರು ಗಂಗಮ್ಮ. "ನಮ್ಮ ಬೆಳ್ಳಿಗೂ ಬೇರೆ ಕೆಲಸ ಇರತ್ತೆ."

"ನಿಂತಿದೆ ಗಂಗಮ್ಮ! ನಾಲ್ಕು ತಿಂಗಳು!"

ಅವರು ಸೊಂಟಕ್ಕೆ ಸಿಕ್ಕಿಸಿದ್ದ ಚೀಟಿ ತೆಗೆದು ಓದಿದರು. ಗೌರಿ, ಖಾಲಿ. ಬೆಳ್ಳಿ, ನಾಲ್ಕು ತಿಂಗಳು. "ಪಾಸು" ಅಂದರು.

ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. ಅವಳು ಗದ್ದೆ ಬದುವಿನಲ್ಲಿದ್ದಳು. "ಊಹೆ ಮಾಡಿ ಹೇಳಿಲ್ಲ ತಾನೆ?" ಅಂತ ಕೇಳಿದಳು. ಇಲ್ಲ ಅಂದೆ. "ಹಂಗಾದ್ರ ಆತು ಬಿಡು. ಬರೋ ತಿಂಗಳು ನಾಟಿಗೆ ಬಾ, ಒಂದಾಳು ಕಮ್ಮಿ ಐತಿ." ಅಧಿಕಾರಿಗೆ ಸಂಜೆ ಹೇಳಿದರಾಯಿತು. ಫೈಲುಗಳಿಗೆ ಬೇರೆ ಯಾರಾದರೂ ಸಿಗುತ್ತಾರೆ.

ಗ್ಲೌಸ್ ತೆಗೆದು ಕೈಯನ್ನು ಬಕೆಟ್ಟಿಗೆ ಅದ್ದಿದೆ. ನೀರು ತಣ್ಣಗಿತ್ತು. ಎಷ್ಟು ತಣ್ಣಗೆ!

ಕೈ ಒರೆಸುವ ಮೊದಲೇ ಹಿಂದಿನಿಂದ ಏನೋ ತಗುಲಿತು. ಒರಟು, ಬೆಚ್ಚಗೆ, ಒದ್ದೆ, ಅಲುಗುತ್ತಿದೆ. ಕಣ್ಣು ಮುಚ್ಚಿಕೊಂಡೇ ಇದ್ದೆ. ಹೆಸರು ಆಮೇಲೆ. ಹೊಟ್ಟೆಯಲ್ಲೇ ಇಲ್ಲ ಅಂತ ನಾನು ಹೇಳಿದ್ದ ಕರು, ಈಗ ಏಳು ತಿಂಗಳ ಕಡಸು, ನನ್ನ ಎಡಗೈ ನೆಕ್ಕುತ್ತಿತ್ತು. ಹೆಬ್ಬೆರಳಿಗೆ ಗೊತ್ತಾಯಿತು. ತೋರುಬೆರಳಿಗೆ, ನಡುಬೆರಳಿಗೆ, ಉಂಗುರದ ಬೆರಳಿಗೂ ಗೊತ್ತಾಯಿತು. ಕಿರುಬೆರಳಿಗೆ ಇನ್ನೂ ಇಲ್ಲ. ಅದನ್ನೂ ಅವಳ ಮುಂದೆಯೇ ಚಾಚಿದೆ.

"ನೆಕ್ಕು ಡಾಕ್ಟ್ರೇ," ಅಂದೆ. "ನನಗೇನೂ ಅವಸರ ಇಲ್ಲ."